ಎಷ್ಟು ಮೊಳ ಸರಪಳಿ, ಸಾಹೇಬ್ರೆ?

ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ, ಜಿಲ್ಲೆಯ ನಗರಸಭೆ, ಪುರಸಭೆ, ಪಂಚಾಯ್ತಿಗಳ ಸದಸ್ಯರಿಗೆ, ಮತ್ತು ಮನೆ ಮುಂದೆ ನಾಯಿ ಕಟ್ಟಿರುವ ಎಲ್ಲರಿಗೆ,

ನಮಸ್ಕಾರ. ನಾನು ಈ ಜಿಲ್ಲೆಯಲ್ಲಿ 31 ವರ್ಷ ಟಪಾಲು ಹಂಚಿ ನಿವೃತ್ತನಾದವನು. ಬೇರೆಯವರ ಪತ್ರಗಳನ್ನು ಹೊತ್ತು ತಿರುಗಿ ತಿರುಗಿ, ಈಗ ನಾನೇ ಒಂದು ಬರೆಯಲು ಕೂತಿದ್ದೇನೆ. ವಿಷಯ ನಾಯಿಯದ್ದು. ನಗಬೇಡಿ. ಪತ್ರ ಸ್ವಲ್ಪ ಉದ್ದ ಇದೆ, ಚಹಾ ತರಿಸಿಕೊಂಡು ಓದಿ.

ಟಪಾಲಿನವನಿಗೂ ನಾಯಿಗೂ ಇರುವ ನಂಟು ಎಲ್ಲರಿಗೂ ಗೊತ್ತು. ಖಾಕಿ ಬಟ್ಟೆ ಕಂಡರೆ ಸಾಕು, ಬೊಗಳಲು ಶುರು. ಆದರೆ ಒಂದು ಮಾತು ಹೇಳುತ್ತೇನೆ. ಬೀದಿ ನಾಯಿಗೆ ನಾನು ಹೆದರಿದ್ದು ಕಡಿಮೆ. ಅದು ಎರಡು ದಿನ ಬೊಗಳಿ, ಮೂರನೇ ದಿನ ಮೂಸಿ ನೋಡಿ, ನಾಲ್ಕನೇ ದಿನ ಬಾಲ ಅಲ್ಲಾಡಿಸುತ್ತದೆ. ನಾನು ಹೆದರುತ್ತಿದ್ದದ್ದು ಗೇಟಿನ ಒಳಗೆ ವರ್ಷಗಟ್ಟಲೆ ಕಟ್ಟಿಹಾಕಿದ ನಾಯಿಗೆ. ನನ್ನ ನೌಕರಿಯಲ್ಲಿ ಎರಡು ಸಲ ಕಚ್ಚಿಸಿಕೊಂಡಿದ್ದೇನೆ. ಎರಡೂ ಸಲ ಕಚ್ಚಿದ್ದು ಸರಪಳಿ ಕಿತ್ತುಕೊಂಡು ಬಂದ ಮನೆ ನಾಯಿ. ಅಮೆರಿಕದ ಡೆನ್ವರ್ ಊರಲ್ಲಿ ಕಚ್ಚಿದ ನಾಯಿಗಳನ್ನೂ ಕಚ್ಚದ ನಾಯಿಗಳನ್ನೂ ಹೋಲಿಸಿ ಡಾಕ್ಟರುಗಳು ಒಂದು ಅಧ್ಯಯನ ಮಾಡಿ, 1994ರಲ್ಲಿ ಪ್ರಕಟಿಸಿದ್ದರು. ಕಚ್ಚದವುಗಳಿಗಿಂತ ಕಚ್ಚಿದವುಗಳಲ್ಲಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿಗಳು ಜಾಸ್ತಿ ಇದ್ದವಂತೆ. ನನ್ನ ಬಲಗಾಲಿನ ಮೀನಖಂಡ ಅದನ್ನು ಮೊದಲೇ ಹೇಳಿತ್ತು.

ಈಗ ನಮ್ಮ ಪಕ್ಕದ ಮನೆ ವಿಷಯಕ್ಕೆ ಬರುತ್ತೇನೆ. ನಾನಿರುವುದು ನವನಗರದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಭಾಗ ಹೋದ ಮೇಲೆ ಎದ್ದ ಊರು ಇದು. ಎಲ್ಲ ಸೆಕ್ಟರು, ಎಲ್ಲರಿಗೂ ಕಾಂಪೌಂಡು, ಕಾಂಪೌಂಡಿಗೊಂದು ಗೇಟು. ನೆರೆಮನೆಯವರು ಮೂರು ವರ್ಷದ ಹಿಂದೆ ಒಂದು ಮುಧೋಳ ತಳಿಯ ಮರಿ ತಂದರು. ಚಂದ ಮರಿ. ಉದ್ದ ಮೂತಿ, ಕಡ್ಡಿಯಂಥ ಕಾಲು. ಆರು ತಿಂಗಳಾಗುವ ಹೊತ್ತಿಗೆ ಕಾಂಪೌಂಡು ಹಾರಲು ಕಲಿಯಿತು. ಅವತ್ತಿನಿಂದ ಗೇಟಿನ ಪಕ್ಕದ ಕಬ್ಬಿಣದ ಗೂಟಕ್ಕೆ ಕಟ್ಟಿದ್ದಾರೆ. ನಾನು ಒಂದು ದಿನ ಅವರಿಲ್ಲದಾಗ ಕೈಯಿಂದ ಅಳೆದೆ. ಮೂರು ಮೊಳ ಸರಪಳಿ. ನಾಯಿಯೇ ಮೂಗಿನಿಂದ ಬಾಲದ ಬುಡದವರೆಗೆ ಎರಡು ಮೊಳ ಇದೆ. ಅಂದರೆ ಎದ್ದು ನಿಲ್ಲಬಹುದು, ತಿರುಗಬಹುದು, ಮಲಗಬಹುದು. ಅಷ್ಟೇ.

ಗೂಟದ ಸುತ್ತ ನೆಲ ಹೇಗಾಗಿದೆ ಅಂದರೆ, ಕಣದಲ್ಲಿ ಹಂತಿ ಹೊಡೆದಂತೆ. ನೀವು ನಮ್ಮ ಕಡೆಯವರಾದರೆ ಗೊತ್ತಿರುತ್ತದೆ. ತೆನೆ ತುಳಿಸಲು ನಡುವೆ ಮೇಟಿ ಕಂಬ ನೆಟ್ಟು ಎತ್ತು ಸುತ್ತಿಸಿದರೆ ದುಂಡಗೆ ನೆಲ ನುಣುಪಾಗುತ್ತದಲ್ಲ, ಹಾಗೆ. ಆದರೆ ಹಂತಿ ವರ್ಷಕ್ಕೆ ನಾಲ್ಕು ದಿನ. ಅದೂ ಕೆಲಸಕ್ಕೆ. ಎತ್ತಿಗೆ ನಡುವೆ ನೀರು, ಮೇವು, ಬೆನ್ನಿಗೊಂದು ಕೈ. ಈ ನಾಯಿಯ ಹಂತಿ ದಿನಾಲೂ ಇದೆ, ಸುಮ್ನೆ.

ಏಪ್ರಿಲ್ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬೆಳಿಗ್ಗೆ ಗೂಟದ ಹತ್ತಿರ ಗೋಡೆಯ ನೆರಳು ಇರುತ್ತದೆ. ಹನ್ನೊಂದಕ್ಕೆ ಸರಿದು ಹೋಗುತ್ತದೆ. ನೆರಳಿಗೆಂದು ಮೇಲೆ ಒಂದು ತಗಡು ಇಟ್ಟಿದ್ದಾರೆ. ತಗಡಿನ ಕೆಳಗೆ ಮಧ್ಯಾಹ್ನ ಕೈ ಇಟ್ಟು ನೋಡಿದರೆ ರೊಟ್ಟಿ ಹಂಚಿನ ಹತ್ತಿರ ಇಟ್ಟಂತಾಗುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಹೊರಹಾಕಿ ತೇಕುವುದೇ ಅದರ ಫ್ಯಾನು. ತೇಕಿದಷ್ಟೂ ಮೈಯ ನೀರು ಹೋಗುತ್ತದೆ. ಅದರ ಮೈ ಬಿಸಿ ಸಹಜವಾಗಿಯೇ 38ರಿಂದ 39 ಡಿಗ್ರಿ. 41 ದಾಟಿದರೆ ಜೀವಕ್ಕೆ ಅಪಾಯ. ನಡುವೆ ಇರುವುದು ಎರಡೇ ಡಿಗ್ರಿ, ನೋಡಿ. ಅಲ್ಯೂಮಿನಿಯಂ ಬಟ್ಟಲಲ್ಲಿ ನೀರು ಇಟ್ಟಿರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಹತ್ತು ಗಂಟೆಗೆ ಸರಪಳಿ ತಾಗಿ ಬಟ್ಟಲು ಮಗುಚಿ ಬೀಳುತ್ತದೆ. ಮನೆಯವರು ಕೆಲಸದಿಂದ ಬರುವುದು ಸಂಜೆ ಆರಕ್ಕೆ.

ಇನ್ನೊಂದು ಸೂಕ್ಷ್ಮ ಇದೆ. ಮುಧೋಳ ನಾಯಿಯ ತಲೆ ಸಣ್ಣದು, ಕುತ್ತಿಗೆ ಉದ್ದ. ಸಾದಾ ಪಟ್ಟಿ ಹಾಕಿದರೆ ತಲೆ ಹಿಂದಕ್ಕೆಳೆದು ಜಾರಿಸಿಕೊಂಡು ಬಿಡುತ್ತದೆ. ಹಾಗಾಗಿ ಜನ ಪಟ್ಟಿಯನ್ನು ಇನ್ನೊಂದು ತೂತಿಗೆ ಬಿಗಿಯುತ್ತಾರೆ. ಈ ನಾಯಿಯ ಕೊರಳಲ್ಲಿ ಕೂದಲು ಹೋಗಿ ಕೆಂಪು ಗೆರೆ ಬಿದ್ದಿದೆ. ಮೈಯಲ್ಲಿ ಕೊಬ್ಬು ಕಮ್ಮಿ ಇರುವ ತಳಿ ಆದ್ದರಿಂದ ಗಚ್ಚಿನ ಮೇಲೆ ಮಲಗಿ ಮಲಗಿ ಮೊಣಕೈ ಜಡ್ಡುಗಟ್ಟಿದೆ.

ನೆರೆಯವರು ಕೆಟ್ಟವರಾ? ಅಲ್ಲ. ನನಗೆ ಜ್ವರ ಬಂದಾಗ ಸ್ಕೂಟರಿನಲ್ಲಿ ಕೂರಿಸಿಕೊಂಡು ದವಾಖಾನೆಗೆ ಒಯ್ದವರು. ನಾಯಿಗೆ ದಿನಾ ಹಾಲು ರೊಟ್ಟಿ ಕಲಸಿ ಹಾಕುತ್ತಾರೆ. ಸೂಜಿ ಹಾಕಿಸಿದ್ದಾರೆ. ನಾನು ಮೆಲ್ಲಗೆ ಮಾತು ತೆಗೆದಾಗ ನಕ್ಕರು. "ಕಾಕಾ, ನಾಯಿ ಅಂದ ಮ್ಯಾಲ ಕಟ್ಟೂದ ಅಲ್ಲೇನು? ಬಿಟ್ರ ಮಂದಿ ಬೈತಾರ, ಕಟ್ಟಿದ್ರ ನೀವ್ ಬೈತೀರಿ." ಇದಕ್ಕೆ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ನಮ್ಮ ಹಳ್ಳಿ ಮನೆಯಲ್ಲಿ ನಾವೂ ಕಟ್ಟಿದವರೇ. ನಮ್ಮಪ್ಪ ದನದ ದಾವಣಿಯಲ್ಲೇ ನಾಯಿಯನ್ನೂ ಕಟ್ಟುತ್ತಿದ್ದ. ಅದು ಎಷ್ಟು ಹೊತ್ತು ಹಾಗೆ ಇರುತ್ತಿತ್ತು ಅಂತ ನಾನು ಹುಡುಗನಾಗಿದ್ದಾಗ ಒಮ್ಮೆಯೂ ಲೆಕ್ಕ ಹಾಕಲಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಹುಡುಕಿ ಓದಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960. ನೃತ್ಯಗಾರ್ತಿ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟು ಹಿಡಿದದ್ದರ ಫಲ ಅದು. ಓದಿ ನನಗೇ ಆಶ್ಚರ್ಯವಾಯಿತು. ಎಲ್ಲ ಇದೆ! 11ನೇ ಕಲಮಿನಲ್ಲಿ, ಸರಿಯಲ್ಲದಷ್ಟು ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ, ಸರಿಯಲ್ಲದಷ್ಟು ಹೊತ್ತು ಪ್ರಾಣಿಯನ್ನು ಕಟ್ಟುವುದು ಅಪರಾಧ. ಯಾವಾಗಲೂ ಕಟ್ಟಿರುವ ನಾಯಿಯನ್ನು ಓಡಾಡಿಸದೆ ಇರುವುದೂ ಅಪರಾಧ. ಇಲ್ಲಿ ನಾಯಿಯ ಹೆಸರನ್ನೇ ಬರೆದಿದ್ದಾರೆ. ಸಾಕಷ್ಟು ಆಹಾರ, ನೀರು, ನೆರಳು ಕೊಡದೆ ಇರುವುದೂ ಅಪರಾಧ. ಅರವತ್ತು ವರ್ಷದ ಹಿಂದೆಯೇ ಯಾರೋ ಪುಣ್ಯಾತ್ಮರು ನಮ್ಮ ಪಕ್ಕದ ಮನೆಯ ಗೂಟ ನೋಡಿ ಬರೆದಂತಿದೆ.

ಆದರೆ "ಸರಿಯಲ್ಲದಷ್ಟು ಗಿಡ್ಡ" ಅಂದರೆ ಎಷ್ಟು? ಮೂರು ಮೊಳವಾ? ಆರಾ? "ಸರಿಯಲ್ಲದಷ್ಟು ಹೊತ್ತು" ಅಂದರೆ ಎರಡು ತಾಸಾ, ಎರಡು ವರ್ಷವಾ? ಅಲ್ಲಿ ಅಳತೆ ಇಲ್ಲ, ಗಡಿಯಾರ ಇಲ್ಲ. ನೆರಳು ಅಂದರೆ ತಗಡೂ ನೆರಳೇ ಅಂತ ವಾದ ಮಾಡಬಹುದು. ಇನ್ನು ದಂಡ ಕೇಳಿ. ಮೊದಲ ತಪ್ಪಿಗೆ 10 ರೂಪಾಯಿಯಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜೈಲಿನ ತನಕ ಯಾರು ಹೋಗುತ್ತಾರೆ, ಬಿಡಿ. ಐವತ್ತು ರೂಪಾಯಿಗೆ ಇವತ್ತು ಇಬ್ಬರು ಕೂತು ಗಿರ್ಮಿಟ್ಟು, ಮಿರ್ಚಿ ತಿಂದು ಚಹಾ ಕುಡಿಯುವುದೂ ಕಷ್ಟ.

ನಾನು ಒಂದು ಠಾಣೆಗೂ ಹೋಗಿದ್ದೆ. ಯಾವುದು ಅಂತ ಬೇಡ. ಅಲ್ಲಿದ್ದವರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಯಜಮಾನ್ರ, ಇದು ನಾನ್ ಕಾಗ್ನಿಜೇಬಲ್ ಐತ್ರಿ. ನಾಯಿ ಸತ್ತರ ಬರ್ರಿ, ಆವಾಗ ನೋಡೂಣು." ಅವರು ಗೇಲಿ ಮಾಡಿದ್ದಲ್ಲ. ಇದ್ದದ್ದನ್ನು ಹೇಳಿದರು. ಕಟ್ಟಿಹಾಕುವ ತಪ್ಪಿಗೆ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಮಾಡುವ ಹಾಗಿಲ್ಲ. ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಬರುತ್ತದೆ, ಐದು ವರ್ಷದವರೆಗೆ ಶಿಕ್ಷೆ ಇದೆ. ಅಂದರೆ ಸಾಯುವ ತನಕ ಐವತ್ತು ರೂಪಾಯಿ, ಸತ್ತ ಮೇಲೆ ಐದು ವರ್ಷ. ಈ ಎರಡರ ನಡುವೆ ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದಲ್ಲ, ಅದಕ್ಕೆ ಏನೂ ಇಲ್ಲ.

ದಿಲ್ಲಿಯಲ್ಲಿ ಇದು ಗೊತ್ತಿಲ್ಲ ಅಂತಲ್ಲ. 2014ರ ಜಲ್ಲಿಕಟ್ಟು ತೀರ್ಪಿನಲ್ಲೇ ಸುಪ್ರೀಂ ಕೋರ್ಟು ದಂಡ, ಶಿಕ್ಷೆ ಸಾಲದು, ಸಂಸತ್ತು ತಿದ್ದುಪಡಿ ಮಾಡಲಿ ಅಂದಿತ್ತು. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡು ಹೊರಡಿಸಿ ಜನರ ಅಭಿಪ್ರಾಯವನ್ನೂ ಕೇಳಿತು. ಟಪಾಲಿನವನಾಗಿ ಹೇಳುತ್ತೇನೆ, ಕೆಲವು ಪತ್ರಗಳು ವಿಳಾಸ ಸರಿಯಿದ್ದರೂ ಮುಟ್ಟುವುದಿಲ್ಲ. ಅದಕ್ಕೇ ದಿಲ್ಲಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ನಗರಸಭೆ, ಪುರಸಭೆಗಳಿಗೆ ಉಪವಿಧಿ, ಅಂದರೆ ತಮ್ಮ ಊರಿನ ಮಟ್ಟಿಗೆ ನಿಯಮ, ಮಾಡುವ ಅಧಿಕಾರ ಇದೆ. ಸರ್ಕಾರದ ಒಪ್ಪಿಗೆ ಬೇಕು, ಅದೂ ಗೊತ್ತು. ದಂಡ ಏರಿಸುವುದು ನಿಮ್ಮ ಕೈಯಲ್ಲಿಲ್ಲದಿದ್ದರೂ ಅಳತೆ ಬರೆಯುವುದು ನಿಮ್ಮಿಂದ ಆಗುತ್ತದೆ. ನಾನು ಕೇಳುತ್ತಿರುವುದು ಅಷ್ಟನ್ನೇ.

ಅಳತೆ ಬರೆಯುವುದು ನಮಗೇನು ಹೊಸದಲ್ಲ. ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಗಳಿಗೆ 1965ರ ನಿಯಮ ಇದೆ. ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು. ಬಿಡುವಿಲ್ಲದೆ ಐದು ತಾಸಿಗಿಂತ ಹೆಚ್ಚು ಬೇಡ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು. ಎಷ್ಟು ಸ್ಪಷ್ಟ ಇದೆ ನೋಡಿ! ಎತ್ತಿಗೆ 37 ಡಿಗ್ರಿಗೆ ಗಾಡಿ ಬಿಚ್ಚಬೇಕು. ನಾಯಿ 42 ಡಿಗ್ರಿಯಲ್ಲೂ ತಗಡಿನ ಕೆಳಗೆ ಕೂತಿರಬೇಕು. ಈ ಪಾಲಿಸುವ ವಿಷಯ ಬೇರೆ, ಅದು ನನಗೂ ಗೊತ್ತು. ಆದರೆ ಕಾಗದದ ಮೇಲಾದರೂ ಒಂದು ಸಂಖ್ಯೆ ಇದೆ. ಕೇಳುವವನು ಕೈಮಾಡಿ ತೋರಿಸಬಹುದು.

ಹೊರದೇಶದ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದ ಟೆಕ್ಸಾಸ್ ನಮ್ಮಂತೆಯೇ ಬಿಸಿಲ ನಾಡು. ಅಲ್ಲಿ ಮೊದಲು, ಅಧಿಕಾರಿ ಬಂದು ತಪ್ಪು ನೋಡಿದರೂ ಮಾಲೀಕನಿಗೆ 24 ತಾಸು ಗಡುವು ಕೊಡಬೇಕಿತ್ತು. ಬಿಸಿಲಿಗೆ ಸಾಯುವ ನಾಯಿಗೆ 24 ತಾಸು! 2022ರ ಜನವರಿಯಿಂದ ಹೊಸ ಕಾನೂನು ಬಂದು ಆ ಗಡುವು ಹೋಯಿತು. ಹೊರಗೆ ಬಿಟ್ಟುಹೋಗುವ ನಾಯಿಗೆ ಸರಪಳಿಯನ್ನೇ ಹಾಕುವ ಹಾಗಿಲ್ಲ. ಬೇರೆ ಹಗ್ಗ ಆದರೆ ಕನಿಷ್ಠ ಹತ್ತು ಅಡಿ, ಇಲ್ಲವೆ ನಾಯಿಯ ಉದ್ದದ ಐದು ಪಟ್ಟು, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು. ಮೇಲೆ ನೆರಳು, ಆಸರೆ, ಕುಡಿಯುವ ನೀರು. ನಮ್ಮ ಪಕ್ಕದ ಮನೆ ನಾಯಿಗೆ ಲೆಕ್ಕ ಹಾಕಿದರೆ ಹತ್ತು ಮೊಳ ಆಗುತ್ತದೆ. ಗೂಟಕ್ಕಿದ್ದದ್ದು ಮೂರು. ಜರ್ಮನಿಯಂತೂ 2023ರಿಂದ ನಾಯಿಯನ್ನು ಕಟ್ಟಿ ಸಾಕುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದೆ. ಅಷ್ಟು ದೂರ ನಾವು ಹೋಗಬೇಕಿಲ್ಲ. ಹೋಗಲೂಬಾರದು ಅಂತ ನನ್ನ ಅಭಿಪ್ರಾಯ.

ಯಾಕೆಂದರೆ ನಾಯಿಯನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹಿಡಿಯುವ ತಳಿ. ಓಡುವುದು ಏನಾದರೂ ಕಂಡರೆ ಅದಕ್ಕೆ ಕಿವಿ ಕೇಳುವುದಿಲ್ಲ. ಬೀಳಗಿ, ಮುಧೋಳ ತಾಲ್ಲೂಕಿನ ಯಡಹಳ್ಳಿ ಕಡೆ ಚಿಂಕಾರ ಅನ್ನುವ ಸಣ್ಣ ಹುಲ್ಲೆಗಳ ವನ್ಯಧಾಮವೇ ಇದೆ. ಆ ಸೀಮೆಯಲ್ಲಿ ಇಂಥ ನಾಯಿ ಬಿಟ್ಟರೆ ಚಿಂಕಾರ, ಮೊಲ ಉಳಿಯುತ್ತವಾ? ಊರಲ್ಲಿ ಬಿಟ್ಟರೆ ಮಕ್ಕಳು, ಬೈಕಿನವರು, ಕೋಳಿ, ಆಡು. ಕಟ್ಟಲೇಬೇಕಾದ ಹೊತ್ತು ಇರುತ್ತದೆ. ಹೇಗೆ ಕಟ್ಟಬೇಕು, ಎಷ್ಟು ಹೊತ್ತು ಕಟ್ಟಬೇಕು ಅನ್ನುವುದಷ್ಟೇ ಮಾತು. ನಮ್ಮ ಕುರಿಗಾರರನ್ನು ನೋಡಿ. ಅವರ ನಾಯಿ ಹಿಂಡಿನ ಜೊತೆ ದಿನವಿಡೀ ನಡೆದು ದಣಿದಿರುತ್ತದೆ. ಊರು ದಾಟುವಾಗ ಕೊರಳಿಗೆ ಹಗ್ಗ ಹಾಕುತ್ತಾರೆ, ದಾಟಿದ ಮೇಲೆ ಬಿಚ್ಚುತ್ತಾರೆ. ಶಾಲೆ ಕಲಿಯದ ಕುರುಬನಿಗೆ ಗೊತ್ತಿರುವ ಈ ಲೆಕ್ಕ ನವನಗರದ ನಮಗೆ ಮರೆತು ಹೋಗಿದೆ.

ಉಪವಿಧಿಯಲ್ಲಿ ಏನಿರಬೇಕು ಅಂತ ನನ್ನನ್ನು ಕೇಳಿದರೆ: ಕಬ್ಬಿಣದ ಸರಪಳಿ ಬೇಡ, ಬಟ್ಟೆ ಪಟ್ಟಿ ಅಥವಾ ಹಗ್ಗ ಸಾಕು, ಹತ್ತು ಅಡಿಗೆ ಕಡಿಮೆ ಆಗಬಾರದು. ಒಂದೇ ಸಮನೆ ಮೂರು ತಾಸಿಗಿಂತ ಹೆಚ್ಚು ಗೂಟದಲ್ಲಿ ಇರಬಾರದು. ಮೂರು ಅನ್ನುವುದು ನನ್ನ ತಲೆಯಿಂದ ಬಂದದ್ದಲ್ಲ, ಕ್ಯಾಲಿಫೋರ್ನಿಯಾದವರು ದಿನಕ್ಕೇ ಮೂರು ತಾಸು ಅಂತಾರೆ. ನಾನು ಸ್ವಲ್ಪ ಸಡಿಲ ಮಾಡಿದ್ದೇನೆ. ಮಾರ್ಚಿನಿಂದ ಮೇ ತನಕ ಹನ್ನೆರಡರಿಂದ ಮೂರರವರೆಗೆ ಬಿಸಿಲಲ್ಲಿ ಕಟ್ಟಲೇಬಾರದು. ಬರೀ ತಗಡನ್ನು ನೆರಳು ಅಂತ ಒಪ್ಪಬಾರದು. ಮೇಲೆ ಕಣಕಿ, ತೆಂಗಿನ ಗರಿ, ಹಳೇ ಗೋಣಿಚೀಲ ಏನಾದರೂ ಹೊದಿಸಿರಬೇಕು. ನೀರಿಗೆ ಮಗುಚದ ಕಲ್ಲಿನ ಬಾನಿ. ಪಟ್ಟಿಯ ಒಳಗೆ ಎರಡು ಬೆರಳು ಆಡಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ರೇಬೀಸ್ ಸೂಜಿಗೆ ನಾಯಿ ತಂದವರ ಕೈಗೆ ಕೊಡಿ.

ಈ ಅಂಕಿಗಳನ್ನು ನಾನು ಹೇಳುವುದಕ್ಕಿಂತ ತಿಳಿದವರಿಂದ ಕೇಳಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವೇ ಇದೆಯಲ್ಲ, ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ್ದು. ಈ ತಳಿಗೆ ದಿನಕ್ಕೆ ಎಷ್ಟು ಓಟ ಬೇಕು, ಎಷ್ಟು ಬಿಸಿಲು ತಡೆಯುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ?

ಮುಧೋಳದ ಹೆಸರು ಬಂತು, ಹೇಳಿಬಿಡುತ್ತೇನೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಅಂಚೆಚೀಟಿ ತಂದಿತು. ಅದರಲ್ಲಿ ನಮ್ಮದೂ ಒಂದು. ಐದು ರೂಪಾಯಿಯದ್ದು. ಅವತ್ತು ನಾನು ಕೈಗಂಟು ಖರ್ಚು ಮಾಡಿ ಹತ್ತು ಚೀಟಿ ತೆಗೆದುಕೊಂಡು, ಊರೆಲ್ಲ ತೋರಿಸಿಕೊಂಡು ಬಂದಿದ್ದೆ. ಮುಧೋಳದ ಘೋರ್ಪಡೆ ದೊರೆ ಮಾಲೋಜಿರಾವ್ ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ನಾಯಿ ಕೊಟ್ಟ ಕಥೆ, 2016ರಲ್ಲಿ ಸೈನ್ಯದವರು ಮೀರತ್‌ಗೆ ತರಬೇತಿಗೆ ಒಯ್ದದ್ದು, 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೊಗಳಿದ್ದು, ಎಲ್ಲ ನಮಗೆ ಬಾಯಿಪಾಠ. ಹೆಮ್ಮೆ ಜಾಸ್ತಿ ಆದಂತೆ ಮರಿಗಳಿಗೆ ಬೇಡಿಕೆಯೂ ಏರಿತು. ಬೇಡಿಕೆ ಏರಿದ ಕಡೆ ಗೂಟವೂ ಜಾಸ್ತಿ ಆಗುತ್ತವೆ. ಮರಿ ಹಾಕಿಸಲೆಂದೇ ಹೆಣ್ಣು ನಾಯಿಯನ್ನು ಹಗಲೂ ರಾತ್ರಿ ಕಟ್ಟಿಡುವ ಅಂಗಳಗಳನ್ನು ನಾನೇ ಕಂಡಿದ್ದೇನೆ. ಎಲ್ಲರೂ ಹಾಗಲ್ಲ. ಮಕ್ಕಳಂತೆ ಸಾಕಿ, ಬೆಳಗಿನ ಜಾವ ಹೊಲದ ಬದುವಿನಲ್ಲಿ ಓಡಿಸಿಕೊಂಡು ಬರುವ ಮನೆತನಗಳೂ ಇವೆ. 2017ರ ನಿಯಮದ ಪ್ರಕಾರ ತಳಿ ಮಾಡಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿ ಮಾರಬಾರದು. ಮೊದಲ ತಪಾಸಣೆ ಅಲ್ಲಿಂದಲೇ ಶುರುವಾಗಲಿ. ನಮ್ಮ ನೆರೆಯವರಂಥ ಒಂಟಿ ನಾಯಿಯವರ ಗೇಟು ಆಮೇಲೆ ತಟ್ಟಿ.

ಇನ್ನು ಆಶ್ರಯದ ಮಾತು. ಒಂದು ನಾಯಿಯನ್ನು ಅಧಿಕಾರಿಗಳು ಬಿಡಿಸಿದರು ಅಂತಿಟ್ಟುಕೊಳ್ಳಿ. ಎಲ್ಲಿಗೆ ಒಯ್ಯುತ್ತಾರೆ? ಜಿಲ್ಲೆಗೊಂದು ಪ್ರಾಣಿ ದಯಾ ಸಂಘ ಇರಬೇಕು, ಅದಕ್ಕೆ ಪ್ರಾಣಿಗಳ ದವಾಖಾನೆ, ಆಸರೆಯ ಜಾಗ ಇರಬೇಕು ಅಂತ 2001ರ ನಿಯಮ ಹೇಳುತ್ತದೆ. ಅಂಥ ಜಾಗ ಕೆಲಸ ಮಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಅಧಿಕಾರಿಯೂ ಕೈಹಾಕುವುದಿಲ್ಲ, ದೂರು ಕೊಡುವವನೂ ಹಿಂಜರಿಯುತ್ತಾನೆ. ನಾಯಿಯನ್ನು ಠಾಣೆಯ ಬೇವಿನ ಮರಕ್ಕೆ ಕಟ್ಟಬೇಕಾಗುತ್ತದೆ. ಮತ್ತೆ ಅದೇ ಗೂಟ, ಅಲ್ವಾ? ಬೀದಿ ನಾಯಿಗಳ ವಿಷಯಕ್ಕೆ 2023ರ ಸಂತಾನ ನಿಯಂತ್ರಣ ನಿಯಮ ಬೇರೆ ಇದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಬೀದಿ ನಾಯಿಗಳನ್ನು ಹಿಡಿದು ಆಶ್ರಯ ತಾಣದಲ್ಲಿ ಇಡಬೇಕು ಅಂತ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶ ಕೊಟ್ಟಿತು. ಅದಕ್ಕೆ ಕಟ್ಟುವ ಶೆಡ್ಡೂ ತಗಡಿನದ್ದೇ ಆದರೆ ಮೂಗು ಮುಚ್ಚಿಕೊಂಡು ನಿಲ್ಲುವವರು ನಾವೇ. ಹಾಗಾಗಿ ನೆರಳಿನ ಅಳತೆಯನ್ನು ಮೊದಲು ನಿಮ್ಮ ಕಟ್ಟಡಕ್ಕೇ ಬರೆದುಕೊಳ್ಳಿ.

ಬಡವರ ಮನೆಯ ಮಾತೊಂದು ಬಾಕಿ ಇದೆ. ಕಾಂಪೌಂಡು ಇರುವವನು ಗೇಟು ಹಾಕಿ ನಾಯಿ ಬಿಡಬಹುದು. ತೋಟದ ವಸ್ತಿಯಲ್ಲಿ ಜೋಪಡಿ ಹಾಕಿಕೊಂಡ ಕಬ್ಬಿನ ಕೂಲಿಯವನು ಏನು ಮಾಡಬೇಕು? ಅವನಿಗೆ ನಾಯಿಯೇ ಕಾಂಪೌಂಡು. ಅವನ ಮೇಲೆ ದಂಡ ಹಾಕಿದರೆ ನಾಯಿಯನ್ನು ಹೊಳೆ ದಂಡೆಗೆ ಬಿಟ್ಟು ಬರುತ್ತಾನೆ. ಮೊದಲ ಸಲ ದಂಡ ಬೇಡ. ಒಂದು ಚೀಟಿ, ಹದಿನೈದು ದಿನದ ಅವಕಾಶ, ಹೇಗೆ ಸರಿ ಮಾಡಬೇಕು ಅಂತ ತೋರಿಸಿಕೊಡುವ ಒಬ್ಬ ಮನುಷ್ಯ. ಬಿಸಿಲಿಗೆ ಒಣಗುತ್ತಿರುವ ನಾಯಿಗೆ ಮಾತ್ರ ಹದಿನೈದು ದಿನ ಅನ್ನಬೇಡಿ, ಅದು ಅವತ್ತೇ ಆಗಬೇಕು. ನಗರಸಭೆಯ ಉಪವಿಧಿ ವಸ್ತಿಗೆ ಮುಟ್ಟುವುದಿಲ್ಲ, ಆದ್ದರಿಂದ ಗ್ರಾಮ ಪಂಚಾಯ್ತಿಗಳನ್ನೂ ಜೊತೆಗೆ ಕೂರಿಸಿಕೊಳ್ಳಿ.

ತೋರಿಸಿಕೊಡುವುದು ಅಂದೆನಲ್ಲ, ಅದನ್ನು ಸುಮ್ನೆ ಹೇಳಲಿಲ್ಲ. ಹೋದ ತಿಂಗಳು ನೆರೆಮನೆಯ ಹುಡುಗನನ್ನು ಕರೆದುಕೊಂಡು ಅವರ ಅಂಗಳದಲ್ಲೇ ಒಂದು ಕೆಲಸ ಮಾಡಿದೆ. ಗೇಟಿನ ಕಂಬದಿಂದ ಹಿಂದಿನ ಬೇವಿನ ಮರದವರೆಗೆ, ಆಳೆತ್ತರದಲ್ಲಿ ಒಂದು ತಂತಿ ಎಳೆದೆವು. 22 ಅಡಿ ಬಂತು. ತಂತಿಗೆ ಒಂದು ಕಬ್ಬಿಣದ ಬಳೆ, ಬಳೆಗೆ ನವಾರಿನ ಪಟ್ಟಿ, ಪಟ್ಟಿಯ ಇನ್ನೊಂದು ತುದಿ ನಾಯಿಗೆ. ಈಗ ಅದು ಬಳೆ ಎಳೆದುಕೊಂಡು ಆ ತುದಿಯಿಂದ ಈ ತುದಿಗೆ ಓಡಬಹುದು. ಅವರ ಮನೆಯವರೂ ಬೇಡ ಅನ್ನಲಿಲ್ಲ. "ಮೊದಲ ಹೇಳೂದಲ್ಲೇನ್ರಿ ಕಾಕಾ" ಅಂದರು.

ಮೊದಲ ಎರಡು ದಿನ ನಾಯಿ ಹೋಗಲಿಲ್ಲ. ತಂತಿ ಉದ್ದಕ್ಕೂ ಇತ್ತು, ಬಳೆ ಸಲೀಸಾಗಿ ಜಾರುತ್ತಿತ್ತು. ಆದರೆ ಅದು ಹಳೇ ಗೂಟದ ಸುತ್ತಲೇ, ಅದೇ ಮೂರು ಮೊಳದಲ್ಲಿ ತಿರುಗುತ್ತಿತ್ತು. ಗೂಟವನ್ನು ಕಿತ್ತುಹಾಕಿದ್ದೆವು, ಆದರೂ. ಹುಡುಗ ರೊಟ್ಟಿ ಹಿಡಿದು ಕರೆದ, ಬರಲಿಲ್ಲ. ಮೂರನೇ ದಿನ ಮಧ್ಯಾಹ್ನ ನಾನು ಕಿಟಕಿಯಿಂದ ನೋಡಿದಾಗ ಬೇವಿನ ಮರದ ಬುಡದಲ್ಲಿ ಕಾಲು ಚಾಚಿ ಮಲಗಿತ್ತು.

ತಂತಿ, ಬಳೆ, ನವಾರು ಎಲ್ಲ ಸೇರಿ 340 ರೂಪಾಯಿ ಆಯಿತು. ರಸೀದಿ ಇಟ್ಟುಕೊಂಡಿದ್ದೇನೆ. ಉಪವಿಧಿಯ ಸಭೆ ಯಾವಾಗ ಅಂತ ತಿಳಿಸಿದರೆ ತರುತ್ತೇನೆ, ಅಳತೆ ಟೇಪೂ ತರುತ್ತೇನೆ.

ಇಂತಿ ನಿಮ್ಮ,
ಒಬ್ಬ ನಿವೃತ್ತ ಟಪಾಲಿನವ
ನವನಗರ, ಬಾಗಲಕೋಟೆ